ನಾನು ಕಂಪ್ಯೂಟರ್ ಬೇಯಿಸಿದ ಬುಧವಾರ

ಅಂದು ಬುಧವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ನಾನು ಪಿರಿಯಾಪಟ್ಟಣದ ಬಸ್ ನಿಲ್ದಾಣದ ಹಿಂದಿನ ಮಳಿಗೆ ಸಾಲಿನಲ್ಲಿ, ನನ್ನ ಭಾವಮೈದುನ ಮಾದೇವನ ಡಿ.ಟಿ.ಪಿ. ಅಂಗಡಿಯೊಳಗೆ, ಬಾಗಿಲಿನಿಂದ ನಾಲ್ಕು ಹೆಜ್ಜೆ ಒಳಕ್ಕೆ, ಕಂಪ್ಯೂಟರ್ ಮೇಜಿನ ಎಡಬದಿಯಲ್ಲಿ ನಿಂತಿದ್ದೆ. ಎರಡು ಸಾವಿರದ ಮೂರನೇ ಇಸವಿ, ಯುಗಾದಿ ಕಳೆದು ಎರಡನೇ ವಾರ. ಕೈಗಳೆರಡೂ ಬೆನ್ನ ಹಿಂದೆ ಇದ್ದವು. ಇಷ್ಟು ಕರಾರುವಾಕ್ಕಾಗಿ ಹೇಳುವುದಕ್ಕೆ ಕಾರಣವಿದೆ. ಮಧ್ಯಾಹ್ನದ ಮೇಲೆ ನನ್ನನ್ನು ಕಂಡವರೆಲ್ಲ ಕೇಳಿದ ಮೊದಲ ಪ್ರಶ್ನೆಯೇ, "ಅದಾದಾಗ ನೀನೆಲ್ಲಿದ್ದೆ?" ಎಂಬುದು. ಹತ್ತು ಇಪ್ಪತ್ತಕ್ಕೆ ನನ್ನ ಕೈ ಬೆನ್ನ ಹಿಂದೆ ಇದ್ದದ್ದು ಸತ್ಯ. ಆಮೇಲೆ ಅಲ್ಲಿ ಇರಲಿಲ್ಲ. ಅದೂ ಸತ್ಯ!

ನಾನು ಹೊಗೆಸೊಪ್ಪು ಬೆಳೆಯುವವನು. ಊರು ಪಟ್ಟಣದಿಂದ ನಾಲ್ಕು ಮೈಲಿ. ಮನೆಯ ಹಿಂದೆ ಸ್ವಂತ ಬ್ಯಾರನ್ ಇದೆ. ಬ್ಯಾರನ್ ಕಾಣದವರಿಗಾಗಿ ಒಂದು ಮಾತು ಹೇಳಬೇಕು: ಅದು ಸೊಪ್ಪು ಬೇಯಿಸುವ ಎತ್ತರದ ಮನೆ. ಕಡ್ಡಿಗಳಿಗೆ ಕಟ್ಟಿದ ಹಸಿರು ಸೊಪ್ಪನ್ನು ಒಳಗೆ ತೂಗುಹಾಕಿ, ಹೊರಗಿನಿಂದ ಸೌದೆ ಉರಿಸಿ, ಐದು ದಿನದಲ್ಲಿ ಬಿಸಿಯನ್ನು ಮೆಲ್ಲಗೆ ಏರಿಸುತ್ತ ಹೋಗಬೇಕು. ಮೊದಲು ತೊಂಬತ್ತೈದು ಡಿಗ್ರಿ, ಆಗ ಸೊಪ್ಪಿನ ಹಸಿರು ಹೋಗಿ ಹಳದಿ ಬರುತ್ತದೆ. ಕೊನೆಗೆ ನೂರ ಅರವತ್ತು, ಆಗ ಎಲೆಯ ನಡುವಿನ ದಂಟೂ ಒಣಗುತ್ತದೆ. ಗೋಡೆಯಲ್ಲಿ ಒಂದು ಗಾಜಿನ ಕಿಂಡಿ, ಅದರ ಹಿಂದೆ ಒಂದು ಥರ್ಮಾಮೀಟರ್. ಅದನ್ನು ನೋಡುವುದೇ ವಿದ್ಯೆ. ಇಪ್ಪತ್ತೆರಡು ವರ್ಷ ಆ ಕಿಂಡಿಗೆ ಕಣ್ಣಿಟ್ಟವನು ನಾನು. ಒಂದು ಬ್ಯಾರನ್ ಸೊಪ್ಪನ್ನೂ ಕೆಡಿಸಿದವನಲ್ಲ.

"ಒಂದು ಸುಟ್ಟೋಗಿತ್ತಲ್ರೀ?" ಎನ್ನುತ್ತಾಳೆ ನನ್ನ ಹೆಂಡತಿ ರಾಜಮ್ಮ, ಈ ಮಾತು ಬಂದಾಗಲೆಲ್ಲ.

"ಅದು ಸುಟ್ಟಿದ್ದು. ಕೆಟ್ಟಿದ್ದಲ್ಲ."

ಇಂಥ ಅನುಭವಿಯ ಕೈಗೆ ಒಂದು ಕಂಪ್ಯೂಟರಿನ ಆರೋಗ್ಯ ಬಂತು.

ಮಾದೇವ ರಾಜಮ್ಮನ ತಮ್ಮ. ಲಗ್ನಪತ್ರಿಕೆ, ಕರಪತ್ರ, ಶಾಲೆಯ ಪ್ರಶ್ನೆಪತ್ರಿಕೆ, ಎಲ್ಲವನ್ನೂ ಅಕ್ಷರ ಜೋಡಿಸಿ ಕೊಡುತ್ತಿದ್ದ. ಅವನ ಕಂಪ್ಯೂಟರಿಗೆ ಹದಿನೈದು ದಿನದಿಂದ ಕಾಯಿಲೆ. ಕೆಲಸ ಮಾಡುತ್ತ ಮಾಡುತ್ತ ತಾನಾಗಿ ಆರಿಹೋಗುವುದು, ಮತ್ತೆ ಹಚ್ಚಿದರೆ ಹತ್ತು ಸಲಕ್ಕೆ ಒಂದು ಸಲ ಏಳುವುದು. ಬೈಲಕುಪ್ಪೆಯ ಟಿಬೆಟಿಯನ್ ಕ್ಯಾಂಪಿನ ತೆನ್‌ಜಿನ್ ಎಂಬ ಹುಡುಗ ಬಂದು ನೋಡಿದ್ದ. ಅವನು ಕಂಪ್ಯೂಟರ್ ರಿಪೇರಿಯವನು. ನಮ್ಮ ಕನ್ನಡವನ್ನು ನಮಗಿಂತ ಜೋರಾಗಿ ಮಾತಾಡುವವನು. ಅವನು ಹೇಳಿದ್ದು: ಯಂತ್ರದ ಹೃದಯದ ಮೇಲೆ ಒಂದು ಪುಟ್ಟ ಫ್ಯಾನ್ ಇದೆ, ಅದಕ್ಕೆ ವಯಸ್ಸಾಗಿದೆ, ಬದಲಾಯಿಸಬೇಕು. ಅಲ್ಲಿಯವರೆಗೆ ಪೆಟ್ಟಿಗೆಯ ಒಂದು ಬದಿಯ ಮುಚ್ಚಳ ತೆಗೆದು, ಎದುರಿಗೆ ಮೇಜಿನ ಫ್ಯಾನ್ ಇಟ್ಟಿರಿ ಎಂದ. ಜೊತೆಗೆ ಒಂದು ಪ್ರೋಗ್ರಾಮ್ ಹಾಕಿ ಹೋದ. ಪರದೆಯ ಮೂಲೆಯಲ್ಲಿ ಒಂದು ಚೌಕ. ಅದರಲ್ಲಿ ಮೂರು ಸಾಲು: ಹೃದಯದ ಬಿಸಿ ಎಷ್ಟು ಡಿಗ್ರಿ, ಫ್ಯಾನ್ ನಿಮಿಷಕ್ಕೆ ಎಷ್ಟು ಸುತ್ತು, ಕರೆಂಟು ಎಷ್ಟು. ಚೌಕದ ಬಣ್ಣ ಹಸಿರು.

ಆ ಯಂತ್ರದೊಳಗೆ ಅಂದು ನಮ್ಮೂರಿನ ಕಾಳೇಗೌಡರ ಮಗಳ ಲಗ್ನಪತ್ರಿಕೆ ಇತ್ತು. ಲಗ್ನಕ್ಕೆ ಹದಿನಾರು ದಿನ. ಪತ್ರಿಕೆಯಲ್ಲಿ ಗಂಡು ಹೆಣ್ಣಿನ ಹೆಸರು ಬರೆಯುವುದಕ್ಕೆ ಐದು ನಿಮಿಷ ಹಿಡಿದಿತ್ತು. ಕೆಳಗೆ ಸುಖಾಗಮನ ಬಯಸುವವರ ಹೆಸರು ಬರೆಯುವುದಕ್ಕೆ ಮೂರು ದಿನ! ಹುಡುಗಿಯ ದೊಡ್ಡಪ್ಪನ ಹೆಸರು ಮೊದಲು ಬರಬೇಕೆಂದು ಒಂದು ಪಕ್ಷ. ಭೇರ್ಯದಲ್ಲಿರುವ ಸೋದರಮಾವ ಪುಟ್ಟಸ್ವಾಮಿಯವರ ಹೆಸರು ಮೊದಲು ಬರಬೇಕೆಂದು ಇನ್ನೊಂದು ಪಕ್ಷ. "ನನ್ನ ಹೆಸ್ರು ಅವರ ಹೆಸರಿನ ಕೆಳಗೆ ಬಂದ್ರೆ ನಾನು ಲಗ್ನಕ್ಕೇ ಬರಾಕಿಲ್ಲ" ಎಂದಿದ್ದರು ಪುಟ್ಟಸ್ವಾಮಿ. ನಮ್ಮಲ್ಲಿ ಸೋದರಮಾವ ಹೆಣ್ಣನ್ನು ಹಸೆಗೆ ಕರೆತರದೆ ಧಾರೆ ನಡೆಯುವುದಿಲ್ಲ. ಕೊನೆಗೆ ಮಾದೇವನೇ ದಾರಿ ಹುಡುಕಿದ. ಹೆಸರುಗಳನ್ನು ಎರಡು ಸಾಲು ಮಾಡಿ, ಇಬ್ಬರನ್ನೂ ಅಕ್ಕಪಕ್ಕ, ಒಂದೇ ಎತ್ತರದಲ್ಲಿ, ಒಂದೇ ಗಾತ್ರದ ಅಕ್ಷರದಲ್ಲಿ ಕೂರಿಸಿದ. ಎರಡೂ ಕಡೆ ಸಮ ಬರಲೆಂದು ಎಂಟು ತಿಂಗಳ ಒಂದು ಕೂಸಿನ ಹೆಸರೂ ಸೇರಿತು. ಒಟ್ಟು ಮೂವತ್ತೆಂಟು. ಯಾರ ಹೆಸರು ಯಾರ ಪಕ್ಕ ಎಂಬುದು ಆ ಯಂತ್ರಕ್ಕೆ ಬಿಟ್ಟರೆ ಭೂಮಿಯ ಮೇಲೆ ಇನ್ನಾರಿಗೂ ಪೂರ್ತಿ ಗೊತ್ತಿರಲಿಲ್ಲ.

ಒಂದು ಗಂಟೆಗೆ ಕಾಳೇಗೌಡರು ಬಂದು ನೋಡಿ ಒಪ್ಪಬೇಕು. ಫ್ಲಾಪಿಗೆ ತುಂಬಿ ನಾಲ್ಕು ಗಂಟೆಯ ಬಸ್ಸಿನಲ್ಲಿ ಮೈಸೂರಿನ ಪ್ರೆಸ್ಸಿಗೆ ಕಳಿಸಬೇಕು. ಆದರೆ ಅಂಗಡಿಯಲ್ಲಿದ್ದ ಫ್ಲಾಪಿಗಳೆಲ್ಲ ಬೂಷ್ಟು ಹಿಡಿದಿದ್ದವು. ಹೊಸ ಫ್ಲಾಪಿ, ಹೊಸ ಫ್ಯಾನ್ ಎರಡನ್ನೂ ತರಲು ಮಾದೇವ ಹುಣಸೂರಿಗೆ ಹೊರಟ. ಯಂತ್ರವನ್ನು ಆರಿಸುವಂತಿಲ್ಲ, ಆರಿಸಿದರೆ ಎದ್ದೀತೆಂಬ ಖಾತ್ರಿಯಿಲ್ಲ. ಲಗ್ನದ ಉಡುಗೊರೆ ಕೊಳ್ಳಲು ಹೊರಟಿದ್ದ ರಾಜಮ್ಮನೂ ನಾನೂ ಅದೇ ಹೊತ್ತಿಗೆ ಅವನ ಅಂಗಡಿಗೆ ಹೋಗಿದ್ದೆವು.

"ಭಾವ, ಒಂದೆರಡು ಗಂಟೆ ಇಲ್ಲೇ ಇರ್ತೀರಾ? ಆ ಡಿಗ್ರಿ ಒಂದು ನೋಡ್ಕೊಳ್ಳಿ. ಏನಾರ ಹೆಚ್ಚುಕಮ್ಮಿ ಆಯ್ತದೇನೋ ಅಂತ. ನಿಮಗೇನು ಹೇಳ್ಕೊಡ್ಬೇಕಾ? ಬ್ಯಾರನ್ ನೋಡಿದ ಕಣ್ಣು!"

"ಹೋಗ್ ಬಾರಪ್ಪ. ಡಿಗ್ರಿ ವಿಚಾರ ನಂಗೆ ಬುಡು."

ರಾಜಮ್ಮ ಬಳೆ ಅಂಗಡಿಗೆ ಹೊರಟವಳು ಬಾಗಿಲಲ್ಲಿ ತಿರುಗಿ ನಿಂತಳು. ಬೈಲಕುಪ್ಪೆಯ ಉಲ್ಲನ್ ಅಂಗಡಿಯಲ್ಲಿ ಹುಡುಗಿಗೆಂದು ಕೊಂಡ ದಪ್ಪ ಕಂಬಳಿಯ ಕಟ್ಟನ್ನು ಕುರ್ಚಿಯ ಮೇಲಿಟ್ಟು, "ಇದನ್ನ ನೋಡ್ಕೊಳ್ಳಿ. ಅದನ್ನೂ ಬರೀ ನೋಡಿ. ಕೈ ಹಚ್ಬೇಡಿ ಕಣ್ರೀ" ಎಂದಳು.

ಆಗಲೇ ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡದ್ದು.

ಹತ್ತು ಮುಕ್ಕಾಲಿಗೆ ಮೊದಲ ಸಲ ಡಿಗ್ರಿ ನೋಡಿದೆ. ಐವತ್ತನಾಲ್ಕು! ನಮ್ಮೂರಿನಲ್ಲಿ ಜ್ವರವನ್ನೂ ಬ್ಯಾರನ್ನನ್ನೂ ಅಳೆಯುವುದು ಒಂದೇ ಲೆಕ್ಕದಲ್ಲಿ. ಆರೋಗ್ಯವಂತನ ಮೈ ತೊಂಬತ್ತೆಂಟು. ಬೇಸಿಗೆಯ ಗಾಳಿ ತೊಂಬತ್ತೈದು. ಐವತ್ತನಾಲ್ಕು ಎಂದರೆ ಹೆಣವೂ ಇಷ್ಟು ತಣ್ಣಗಿರುವುದಿಲ್ಲ. ಸಂಖ್ಯೆಯ ನೆತ್ತಿಯ ಪಕ್ಕ ಡಿಗ್ರಿಯ ಪುಟ್ಟ ಸೊನ್ನೆ ಇತ್ತು, ಅದರ ಪಕ್ಕ ಇಂಗ್ಲಿಷಿನ ಒಂದು ಅಕ್ಷರವೂ ಇತ್ತು. ಸೊನ್ನೆಯನ್ನು ನನ್ನ ಥರ್ಮಾಮೀಟರಿನಲ್ಲಿ ನೋಡಿ ಬಲ್ಲೆ. ಬಲ್ಲವನು ಪಕ್ಕದ ಅಕ್ಷರವನ್ನೆಲ್ಲ ಓದುತ್ತ ಕೂರುವುದಿಲ್ಲ.

ಕಾರಣವೂ ಕಣ್ಣೆದುರಿಗೇ ಇತ್ತು. ಮುಚ್ಚಳ ತೆಗೆದು, ಬರಿ ಮೈಗೆ ಫ್ಯಾನ್ ಹಾಕಿದರೆ ಯಾವ ಜೀವ ತಾನೇ ಉಳಿದೀತು? ಚಳಿಗೆ ಹೃದಯ ನಿಲ್ಲುತ್ತಿದೆ. ಅದಕ್ಕೇ ಆಗಾಗ ಆರಿಹೋಗುತ್ತಿದೆ. ಹದಿನೈದು ದಿನದಿಂದ ಯಾರಿಗೂ ಹೊಳೆಯದ್ದು ನನಗೆ ಐದು ನಿಮಿಷದಲ್ಲಿ ಹೊಳೆಯಿತು! ತೆನ್‌ಜಿನ್ ಚಳಿ ದೇಶದವರ ಮಗ, ಅವನಿಗೆ ಚಳಿ ತಿಳಿಯದೆ ಹೋದದ್ದು ಸಹಜ ಎಂದು ಮನಸ್ಸಿನಲ್ಲೇ ಅವನನ್ನು ಕ್ಷಮಿಸಿದೆ.

ಹನ್ನೊಂದು ಗಂಟೆಗೆ ಮೇಜಿನ ಫ್ಯಾನ್ ಆರಿಸಿದೆ. ಬ್ಯಾರನ್ನಿನ ಮೊದಲ ಪಾಠ, ಡಿಗ್ರಿ ಬರೆದಿಡುವುದು. ಮೇಜಿನ ಮೇಲೆ ಮಾದೇವ ಕಾಳೇಗೌಡರಿಗೆಂದು ತೆಗೆದಿಟ್ಟ ಪತ್ರಿಕೆಯ ಪ್ರೂಫ್ ಹಾಳೆ ಇತ್ತು. ಹಿಂಬದಿ ಖಾಲಿ. ಬಾಲ್‌ಪೆನ್ನಿನಲ್ಲಿ ಬರೆದೆ: "11.00, ಫ್ಯಾನ್ ಬಂದ್. 57. ಚೇತರಿಕೆ ಇದೆ."

ಹನ್ನೊಂದೂ ಕಾಲಿಗೆ ಪೆಟ್ಟಿಗೆಯ ಮುಚ್ಚಳ ಹಾಕಿದೆ. ಬ್ಯಾರನ್ನಿನಲ್ಲಿ ಬಿಸಿ ಏರಬೇಕಾದರೆ ಗಾಳಿಕಿಂಡಿ ಮುಚ್ಚುವುದು ಕ್ರಮ. "11.15. ಮುಚ್ಚಳ ಹಾಕಿದೆ. 60. ಉತ್ತಮ."

ಹನ್ನೊಂದೂವರೆಗೆ ಬಾಗಿಲನ್ನೂ ಮುಂದೆ ಮಾಡಿದೆ. ಆಮೇಲೆ ಕುರ್ಚಿಯ ಮೇಲಿನ ಕಟ್ಟು ಕಣ್ಣಿಗೆ ಬಿತ್ತು. ಉಡುಗೊರೆ ನಿಜ. ಆದರೆ ಪತ್ರಿಕೆಯೇ ಉಳಿಯದಿದ್ದರೆ ಉಡುಗೊರೆ ಯಾರಿಗೆ? ಕಂಬಳಿ ಬಿಚ್ಚಿ ಪೆಟ್ಟಿಗೆಗೆ ಮೂರು ಕಡೆಯಿಂದ ಹೊದಿಸಿದೆ. ಮುಂದಿನ ಗುಂಡಿಯನ್ನು ಮಾತ್ರ ಮುಖದ ಹಾಗೆ ಹೊರಗೆ ಬಿಟ್ಟೆ. ಕೂಸಿನ ಹಾಗೆ ಕಾಣುತ್ತಿತ್ತು.

"11.45. ಕಂಬಳಿ ಹೊದಿಸಿದೆ. 63."

ಆಗಲೇ ಅದು ನಡೆದದ್ದು. ಪರದೆಯ ಮೂಲೆಯ ಹಸಿರು ಚೌಕ ನೋಡುತ್ತಿದ್ದಂತೆಯೇ ಹಳದಿಯಾಯಿತು!

ಹೊಗೆಸೊಪ್ಪಿನವನಿಗೆ ಹಸಿರು ಹಳದಿಯಾಗುವುದೆಂದರೆ ಏನೆಂದು ಹೇಗೆ ಹೇಳಲಿ? ಬ್ಯಾರನ್ ಹಚ್ಚಿದ ಎರಡನೆಯ ದಿನ ಗಾಜಿನ ಕಿಂಡಿಯಲ್ಲಿ ಮೊದಲ ಹಳದಿ ಕಂಡಾಗ ನನ್ನಪ್ಪ ಒಲೆಗೆ ಊದುಬತ್ತಿ ಹಚ್ಚುತ್ತಿದ್ದರು. ನಾನು ಪರದೆಗೆ ಕೈ ಮುಗಿದೆ. ಹಾಳೆಯಲ್ಲಿ "ಬಣ್ಣ ತಿರುಗಿದೆ" ಎಂದು ಬರೆದು ಎರಡು ಗೆರೆ ಎಳೆದೆ. ಪಕ್ಕದ ಸಲೂನಿನ ನಾಗರಾಜ ಬಾಗಿಲು ತಳ್ಳಿ ಇಣುಕಿದ.

"ಏನ್ ಗೌಡ್ರೆ, ಕಂಪ್ಯೂಟ್ರಿಗೆ ಬಾಣಂತನವಾ?"

"ನಿಂಗೆ ತಿಳಿಯಾಕಿಲ್ಲ ಹೋಗೋ. ಹದ ಬತ್ತಾ ಅದೆ."

ಹನ್ನೆರಡಕ್ಕೆ ಅರವತ್ತಾರು. ಹನ್ನೆರಡೂಕಾಲಿಗೆ ಅರವತ್ತೊಂಬತ್ತು. ಚೌಕ ಕೆಂಪಾಯಿತು. ಯಂತ್ರ ಕೀಂ, ಕೀಂ ಎಂದು ಕೂಗತೊಡಗಿತು.

ಇಲ್ಲಿ ನನಗೆ ಮೊದಲ ಅನುಮಾನ ಬಂತೆಂಬುದನ್ನು ನನ್ನ ಪರವಾಗಿ ದಾಖಲಿಸಬೇಕು. ಸೊಪ್ಪು ಕೆಂಪಾದರೆ ಬಿಸಿ ಮಿತಿಮೀರಿದೆ ಎಂದು ಅರ್ಥ. ಕೆಂಪು ಸೊಪ್ಪನ್ನು ಕೊಳ್ಳುವವರು ಕಣ್ಣೆತ್ತಿಯೂ ನೋಡುವುದಿಲ್ಲ. ಬಣ್ಣ ನೋಡಿದರೆ ಬಿಸಿ ಜಾಸ್ತಿ. ಡಿಗ್ರಿ ನೋಡಿದರೆ ಇನ್ನೂ ಹೆಣಕ್ಕಿಂತ ತಣ್ಣಗೆ! ಬಣ್ಣವನ್ನು ನಂಬುವುದೋ, ಡಿಗ್ರಿಯನ್ನೋ? ಇಪ್ಪತ್ತೆರಡು ವರ್ಷದ ಅನುಭವಿ ಹತ್ತು ನಿಮಿಷ ಯೋಚಿಸಿದೆ. ಡಿಗ್ರಿಯನ್ನು ನಂಬಿದೆ. ಕೂಗಾಟಕ್ಕೂ ಸಮಾಧಾನ ಸಿಕ್ಕಿತು. ಕುಕ್ಕರ್ ಕೂಗಿದರೆ ರಾಜಮ್ಮ ಹೆದರಿ ಓಡುತ್ತಾಳೆಯೇ? ಎಣಿಸುತ್ತಾಳೆ. ನಾನೂ ಎಣಿಸಿದೆ. ನೂರ ನಲವತ್ತರವರೆಗೆ ಎಣಿಸಿದ್ದು ನೆನಪಿದೆ.

ಹನ್ನೆರಡು ನಲವತ್ತಕ್ಕೆ ಎಪ್ಪತ್ತೆರಡು. ಬರೆದು ತಲೆ ಎತ್ತುವುದರೊಳಗೆ ಪರದೆ ಕಪ್ಪಾಯಿತು. ಕೂಗು ನಿಂತಿತು. ಅಂಗಡಿಯಲ್ಲಿ ಒಂದು ವಾಸನೆ ಹರಡಿತು.

ಗುಂಡಿ ಒತ್ತಿದೆ. ಏಳಲಿಲ್ಲ. ಹತ್ತು ಸಲ ಒತ್ತಿದೆ. ಹನ್ನೊಂದನೆಯ ಸಲ ಕಂಬಳಿಯೊಳಗೆ ಕೈ ಹಾಕಿ ಪೆಟ್ಟಿಗೆ ಮುಟ್ಟಿದೆ. ಚುರ್ರೆಂದಿತು! ಎಪ್ಪತ್ತೆರಡು ಡಿಗ್ರಿ ನನ್ನ ಕೈಯನ್ನು ಸುಡುವುದುಂಟೆ? ಮೂವತ್ತೆಂಟು ಹೆಸರುಗಳು ಒಳಗಿವೆ. ಒಂದು ಗಂಟೆಗೆ ಕಾಳೇಗೌಡರು ಬರುತ್ತಾರೆ. ಏನಾದರೂ ಮಾಡಲೇಬೇಕು.

ಮನುಷ್ಯನಿಗೆ ದಿಕ್ಕು ತೋಚದಾಗ ಕೈಗೆ ರೂಢಿಯಾದದ್ದನ್ನೇ ಕೈ ಮಾಡುತ್ತದೆ. ಬೆಂದ ಸೊಪ್ಪು ಹಪ್ಪಳದಂತೆ ಗರಿಗರಿ ಒಣಗಿರುತ್ತದೆ, ಮುಟ್ಟಿದರೆ ಪುಡಿ. ಅದನ್ನು ಇಳಿಸುವ ಮೊದಲು ಬ್ಯಾರನ್ನಿನ ನೆಲಕ್ಕೆ ನೀರು ಚಿಮುಕಿಸಿ, ಒದ್ದೆ ಗೋಣಿಚೀಲ ಹರಡಿ, ಮೆತ್ತಗೆ ಮಾಡಿಕೊಳ್ಳುತ್ತೇವೆ. ಅಂಗಡಿಯ ಬಾಗಿಲಲ್ಲಿ ಕಾಲೊರೆಸುವ ಗೋಣಿಚೀಲವಿತ್ತು. ಮೂಲೆಯಲ್ಲಿ ಒಂದು ಬಿಂದಿಗೆ ನೀರಿತ್ತು. ದೇವರು ಎರಡನ್ನೂ ಹತ್ತಿರದಲ್ಲೇ ಇಟ್ಟಿದ್ದ!

ಕಂಬಳಿ ತೆಗೆದೆ. ಗೋಣಿಚೀಲ ನೆನೆಸಿದೆ. ಪೆಟ್ಟಿಗೆಯ ಮೇಲೆ ಹೊದಿಸಿದೆ. ಸೊಂಯ್ ಎಂದಿತು, ಹಬೆ ಎದ್ದಿತು. ಹೊದಿಸಿದ ಮೇಲೆ ನೆನಪಾಯಿತು, ಕಂಬಳಿ ತೆಗೆದಾಗ ಕೈಯಲ್ಲಿದ್ದ ಪ್ರೂಫ್ ಹಾಳೆಯನ್ನು ಪೆಟ್ಟಿಗೆಯ ನೆತ್ತಿಯ ಮೇಲೇ ಇಟ್ಟಿದ್ದೆ. ಎತ್ತಲು ಕೈ ಚಾಚಿದೆ. ಅಷ್ಟರಲ್ಲಿ ಚೀಲದಿಂದ ಇಳಿದ ನೀರು ಗೆರೆ ಹಿಡಿದು ಹರಿದು, ಮೇಜಿನ ಕಾಲು ಇಳಿದು, ನೆಲದಲ್ಲಿದ್ದ ಪ್ಲಗ್ ಪೆಟ್ಟಿಗೆಯನ್ನು ಸೇರಿತು.

ಢಂ!

ನೀಲಿ ಬೆಳಕು. ಆಮೇಲೆ ಕತ್ತಲೆ. ಸಾಲಿನ ಏಳೂ ಮಳಿಗೆಗಳಲ್ಲಿ ಕರೆಂಟು ಹೋಯಿತು. ನಾನು ಬಾಗಿಲಿನಿಂದ ಎರಡು ಹೆಜ್ಜೆ ಹೊರಗೆ ನಿಂತಿದ್ದೆ. ಹೇಗೆ ಹೋದೆನೆಂಬುದು ಇಂದಿಗೂ ತಿಳಿಯದು.

"ಯಾವನ್ಲಾ ಅದು ಫ್ಯೂಸ್ ಹಾರ್ಸಿದ್ದು?" ನಾಗರಾಜ ಕತ್ತಿ ಹಿಡಿದುಕೊಂಡೇ ಹೊರಗೆ ಬಂದ. ಅವನ ಹಿಂದೆ ಕೊರಳಿಗೆ ಬಟ್ಟೆ ಕಟ್ಟಿಕೊಂಡ ಗಿರಾಕಿ. ಬಲಗೆನ್ನೆ ನುಣ್ಣಗೆ, ಎಡಗೆನ್ನೆಯ ತುಂಬ ಸೋಪಿನ ನೊರೆ. ನೊರೆಯ ಹಿಂದಿನ ಮುಖವನ್ನು ಗುರುತಿಸಿದೆ. ಭೇರ್ಯದ ಪುಟ್ಟಸ್ವಾಮಿ, ಹುಡುಗಿಯ ಸೋದರಮಾವ! ತಮ್ಮ ಹೆಸರು ತಮ್ಮ ಜಾಗದಲ್ಲೇ ಇದೆಯೇ ಎಂದು ಕಣ್ಣಾರೆ ನೋಡಲು ಬಂದವರು, ಹೊತ್ತಿದೆಯಲ್ಲ ಎಂದು ಸಲೂನಿಗೆ ನುಗ್ಗಿದ್ದರಂತೆ.

ಅದೇ ಗಳಿಗೆಗೆ ಈ ಕಡೆಯಿಂದ ಕಾಳೇಗೌಡರು ಬಂದರು. ಆ ಕಡೆಯಿಂದ ಬಳೆ ಚೀಲ ಹಿಡಿದು ರಾಜಮ್ಮ ಬಂದಳು.

"ಕಂಬಳಿ ಎಲ್ರೀ?" ಅದು ಅವಳ ಮೊದಲ ಮಾತು.

"ಪತ್ರಿಕೆ ಎಲ್ಲಯ್ಯ?" ಅದು ಕಾಳೇಗೌಡರ ಮೊದಲ ಮಾತು.

ಎರಡಕ್ಕೂ ಉತ್ತರ ಒಂದೇ ಕಡೆ ಇತ್ತು. ನಾನು ಅಂಗಡಿಯೊಳಕ್ಕೆ ಕೈ ತೋರಿಸಿದೆ.

ಒಂದೂವರೆಗೆ ಮಾದೇವ ಹುಣಸೂರಿನಿಂದ ಬಂದ. ಫ್ಯಾನ್ ಕೂರಿಸಲೆಂದು ತೆನ್‌ಜಿನ್ನೂ ಬಂದ. ತೆನ್‌ಜಿನ್ ಬಾಗಿಲಲ್ಲೇ ಐದು ನಿಮಿಷ ನಿಂತ. ಗೋಣಿಚೀಲ ನೋಡಿದ. ಕಂಬಳಿ ನೋಡಿದ. "ಇದು ನಮ್ಮ ಅತ್ತೆ ಅಂಗ್ಡಿ ಕಂಬ್ಳಿ ಅಲ್ವಾ?" ಎಂದ. ಆಮೇಲೆ ಪೆಟ್ಟಿಗೆ ಬಗ್ಗಿಸಿದ. ಒಂದು ಲೋಟದಷ್ಟು ನೀರು ಬಂತು.

"ಅಣ್ಣ, ಡಿಗ್ರಿ ನೋಡ್ಲಿಲ್ವಾ ನೀವು?"

"ನೋಡ್ದೆ ಕಣಪ್ಪ! ಗಳಿಗೆ ಗಳಿಗೆಗೂ ನೋಡಿ ಬರೆದಿವ್ನಿ. ಎಪ್ಪತ್ತೆರಡು ಮೇಲೆ ಹೋಗ್ಲೇ ಇಲ್ಲ!"

ತೆನ್‌ಜಿನ್ ಅಂಗೈ ಮೇಲೆ ಪೆನ್ನಿನಲ್ಲಿ ಏನೋ ಗುಣಿಸಿದ, ಕೂಡಿದ. "ಅದು ಸೆಲ್ಸಿಯಸ್ ಅಣ್ಣ. ನಿಮ್ ಬ್ಯಾರನ್ ಲೆಕ್ಕದಾಗೆ ನೂರ ಅರವತ್ತೊಂದು."

ನೂರ ಅರವತ್ತೊಂದು! ದಂಟು ಒಣಗಿಸುವ ಬಿಸಿ! ಐದು ದಿನದಲ್ಲಿ ಏರಿಸಬೇಕಾದಲ್ಲಿಗೆ ಎರಡು ಗಂಟೆಯೊಳಗೆ ಏರಿಸಿದ್ದೆ. ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ಬೇಗ ಯಾವ ಬ್ಯಾರನ್ನನ್ನೂ ಬೇಯಿಸಿದವನಲ್ಲ!

"ಪ್ರೂಫ್ ಇದ್ಯಲ್ಲ ಭಾವ, ಪ್ರೂಫ್!" ಎಂದ ಮಾದೇವ. ಎಲ್ಲರ ಮುಖದಲ್ಲೂ ಜೀವ ಬಂತು. ಹೆಸರಿನ ಹಾಳೆ ಇದ್ದರೆ ಬೇರೆ ಅಂಗಡಿಯಲ್ಲಾದರೂ ಜೋಡಿಸಬಹುದು. ಗೋಣಿಚೀಲದ ಅಡಿಯಿಂದ ಹಾಳೆಯನ್ನು ಎರಡು ಬೆರಳಲ್ಲಿ ಎಳೆದು ಕೊಟ್ಟೆ. ಪ್ರಿಂಟರಿನ ಶಾಯಿ ನೀರಿಗೆ ಕರಗಿ, ಮೂವತ್ತೆಂಟು ಹೆಸರೂ ಒಂದೇ ನೀಲಿ ಮೋಡವಾಗಿದ್ದವು. ದೊಡ್ಡಪ್ಪ, ಸೋದರಮಾವ, ಎಂಟು ತಿಂಗಳ ಕೂಸು, ಯಾರು ಯಾರೆಂದು ಹೇಳುವಂತಿರಲಿಲ್ಲ. ಹಾಳೆ ತಿರುಗಿಸಿದರು. ಹಿಂಬದಿಯಲ್ಲಿ ನನ್ನ ಬಾಲ್‌ಪೆನ್ನಿನ ಬರಹ ಮಾತ್ರ ಒಂದು ಚುಕ್ಕೆಯೂ ಅಳಿಸದೆ ನಿಂತಿತ್ತು. ಕಾಳೇಗೌಡರು ಗಟ್ಟಿಯಾಗಿ ಓದಿದರು.

"ಹನ್ನೊಂದು ಗಂಟೆ. ಚೇತರಿಕೆ ಇದೆ."

ಯಾರೂ ನಗಲಿಲ್ಲ. ಗಂಟೆ ಎರಡಾಗಿತ್ತು. ಬಸ್ಸಿಗೆ ಇನ್ನೆರಡು ಗಂಟೆ.

"ಮೊದಲ ಸಾಲು ನಂದು. ಅದೊಂದು ನೆಪ್ಪದೆ" ಎಂದರು ಪುಟ್ಟಸ್ವಾಮಿ, ನೊರೆ ಒಣಗಿದ ಕೆನ್ನೆ ಕೆರೆದುಕೊಳ್ಳುತ್ತ.

"ಮೊದಲ ಸಾಲು ಇಬ್ಬರದು ಕಣೋ. ನಮ್ಮಣ್ಣಂದು ಎಡಕ್ಕೆ" ಎಂದರು ಕಾಳೇಗೌಡರು.

"ಎಡಕ್ಕೆ ನಂದು!"

ಮೂರು ದಿನದ ಜಗಳ ಮತ್ತೆ ಹೊತ್ತಿಕೊಂಡಿತು. ಕಾಳೇಗೌಡರು ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕುಳಿತರು. ಅವರ ಕಣ್ಣಲ್ಲಿ ನೀರಾಡಿದ್ದನ್ನು ನಾನು ನೋಡಿದೆ. ಅದನ್ನು ನೋಡಬಾರದಿತ್ತು ಎಂದು ಈಗಲೂ ಅನ್ನಿಸುತ್ತದೆ.

"ಇನ್ನು ಜಗಳ ಕಾಯೋ ಶಕ್ತಿ ನಂಗಿಲ್ಲ ಕಣ್ರಪ್ಪ" ಎಂದರು. "ಯಾರ್ದೂ ಬ್ಯಾಡ. ಗಂಡು, ಹೆಣ್ಣು, ಅವರ ಅಪ್ಪ ಅವ್ವ. ಕೆಳಗೆ ಬಂಧು ಬಳಗ ಅಂತ ಒಂದೇ ಸಾಲು. ಮುಗೀತು."

ಪುಟ್ಟಸ್ವಾಮಿ ಕೆರೆಯುವುದನ್ನು ನಿಲ್ಲಿಸಿದರು. "ನಿಮ್ಮಣ್ಣಂದೂ ಇಲ್ವಾ?"

"ಇಲ್ಲ."

"ಎಲ್ಲೂ ಇರಾಕಿಲ್ವಾ?"

"ಎಲ್ಲೂ ಇರಾಕಿಲ್ಲ."

"ಸಣ್ಣಕ್ಷರದಲ್ಲೂ?"

"ಸಣ್ಣಕ್ಷರದಲ್ಲೂ ಇಲ್ಲ ಕಣೋ ಮಾರಾಯ!"

ಪುಟ್ಟಸ್ವಾಮಿಯವರ ಮುಖದ ನುಣ್ಣನೆಯ ಅರ್ಧ ಮೊದಲು ಅರಳಿತು. "ಹಂಗಾರೆ ನಂದೂ ಬ್ಯಾಡ ಬುಡಿ ಭಾವ."

ನಾಲ್ಕು ಸಾಲಿನ ಪತ್ರಿಕೆ. ಮಾದೇವ ಕೈಯಲ್ಲೇ ಬರೆದ. ನಾಲ್ಕು ಗಂಟೆಯ ಬಸ್ಸಿಗೆ ಹಾಕಿದರು. ದೊಡ್ಡಪ್ಪನವರೂ ಅದೇ ಮೂರು ಪ್ರಶ್ನೆ ಕೇಳಿ, ಅದೇ ಉತ್ತರಕ್ಕೆ ತೃಪ್ತರಾದರಂತೆ. ಲಗ್ನದ ದಿನ ಪುಟ್ಟಸ್ವಾಮಿ ಎರಡೂ ಕೆನ್ನೆ ನುಣ್ಣಗೆ ಬೋಳಿಸಿಕೊಂಡು ಬಂದು ಹೆಣ್ಣನ್ನು ಹಸೆಗೆ ಕರೆತಂದರು. ಅವರೂ ದೊಡ್ಡಪ್ಪನವರೂ ಅಕ್ಕಪಕ್ಕ ಎಲೆ ಹಾಕಿಸಿಕೊಂಡು ಊಟ ಮಾಡಿದರು. ನಾನು ಹಾಳು ಮಾಡಿದ್ದರಿಂದಲೇ ಒಳ್ಳೆಯದಾಯಿತಲ್ಲ ಎಂದು ಪಂಕ್ತಿಯಲ್ಲಿ ಒಂದು ಮಾತು ತೆಗೆದೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಪಕ್ಕದಲ್ಲಿದ್ದ ರಾಜಮ್ಮ ಮಾತ್ರ ನನ್ನ ಎಲೆಗೆ ಇನ್ನೊಂದು ಹಪ್ಪಳ ಹಾಕಿಸಿ, "ತಿನ್ನಿ, ಗರಿಗರಿ ಅದೆ. ನೀರು ಚಿಮುಕಿಸ್ಬೇಡಿ" ಎಂದಳು.

ಇನ್ನೊಂದು ಸಂಗತಿಯನ್ನು ಹೇಳಿಬಿಡಬೇಕು. ಲಗ್ನದ ಮಾರನೆಯ ವಾರ ತೆನ್‌ಜಿನ್ ಆ ಯಂತ್ರದ ನೆನಪಿನ ಡಬ್ಬಿಯನ್ನು ಒಣಗಿಸಿ ಬೇರೊಂದು ಯಂತ್ರಕ್ಕೆ ಜೋಡಿಸಿದ. ಹೃದಯ ಬೆಂದಿತ್ತು. ನೆನಪು ಬೆಂದಿರಲಿಲ್ಲ. ಮೂವತ್ತೆಂಟು ಹೆಸರುಗಳೂ ಅಕ್ಕಪಕ್ಕ, ಒಂದೇ ಎತ್ತರದಲ್ಲಿ ಪರದೆಯ ಮೇಲೆ ಎದ್ದು ಕುಳಿತವು. ಕಾಳೇಗೌಡರು ಸೊಂಟಕ್ಕೆ ಕೈಯಿಟ್ಟು ನೋಡಿದರು. ಎಡಕ್ಕೆ ಯಾರು, ಬಲಕ್ಕೆ ಯಾರು ಎಂಬುದನ್ನೂ ನೋಡಿದರು. ಆಮೇಲೆ ಮಾದೇವನ ಬೆನ್ನು ತಟ್ಟಿ, "ಅಳಿಸ್ಬುಡು ಮಗ" ಎಂದರು.

ಕಾಳೇಗೌಡರು ಈಗಿಲ್ಲ. ಪುಟ್ಟಸ್ವಾಮಿಯವರೂ ದೊಡ್ಡಪ್ಪನವರೂ ತೀರಿಕೊಂಡರು. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂದದ್ದು. ಎಡಕ್ಕೆ ಯಾರಿದ್ದರೆಂದು ಈಗಲೂ ಹೇಳುವುದಿಲ್ಲ.

ಕಣ್ಣಾರೆ ಕಂಡವರಲ್ಲಿ ಇಂದಿಗೂ ಇರುವವರು ನಾಲ್ವರು. ಸಲೂನಿನ ನಾಗರಾಜ ಇದ್ದಾನೆ. ನಾನು ಹೋದಾಗಲೆಲ್ಲ ಗಡ್ಡ ಅರ್ಧಕ್ಕೆ ನಿಲ್ಲಿಸಿ ಹೊಸ ಗಿರಾಕಿಗಳಿಗೆ ಈ ಕತೆ ಹೇಳುತ್ತಾನೆ. ಬೈಲಕುಪ್ಪೆಯಲ್ಲಿ ತೆನ್‌ಜಿನ್ ಇದ್ದಾನೆ. ಮಾದೇವ ಇದ್ದಾನೆ; ಅಂಗಡಿಗೆ ಹೋದರೆ ಟೀ ತರಿಸುತ್ತಾನೆ, ಬಾಗಿಲ ಹೊರಗೇ. ನಾಲ್ಕನೆಯವಳು ರಾಜಮ್ಮ. ಅವಳ ಆರೋಗ್ಯ ಚೆನ್ನಾಗಿದೆ, ನೆನಪಿನ ಶಕ್ತಿ ಅದಕ್ಕಿಂತ ಚೆನ್ನಾಗಿದೆ. ಮನೆಯಲ್ಲಿ ಮೊಮ್ಮಕ್ಕಳಿಗೆ ಜ್ವರ ಬಂದರೆ ಅವಳೇ ಥರ್ಮಾಮೀಟರ್ ತೆಗೆಯುತ್ತಾಳೆ. ನನ್ನ ಕಡೆ ನೋಡದೆ, "ನೀವು ಆಚೆ ನಿಂತ್ಕೊಳ್ಳಿ" ಎನ್ನುತ್ತಾಳೆ.

ನಾನು ಬಾಗಿಲಿನಿಂದ ನಾಲ್ಕು ಹೆಜ್ಜೆ ಆಚೆ ನಿಂತುಕೊಳ್ಳುತ್ತೇನೆ. ಕೈಗಳೆರಡೂ ಬೆನ್ನ ಹಿಂದೆ ಇರುತ್ತವೆ.